ಪ್ರಶ್ನೆ ಜಾಸ್ತಿಯಾದಾಗ ಉತ್ತರ ನೋಡಿ: ಆಕ್ಸೆಸ್ ಪಾಯಿಂಟ್‌ಗಳು ಡಿಎನ್‌ಎಸ್ ಸರ್ವರ್‌ಗೆ ಗಂಟು ಬಿದ್ದಾಗ

(ನೆಟ್‌ವರ್ಕ್ ನೋಡಿಕೊಳ್ಳುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಮಂಗಳವಾರ ಬೆಳಗ್ಗೆ ನಮ್ಮ ಡಿಎನ್‌ಎಸ್ ಸರ್ವರ್‌ನ, ಅಂದರೆ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ಸರ್ವರ್‌ನ, ಡಿಸ್ಕ್ ತುಂಬಿಹೋಗಿತ್ತು. ತುಂಬಿಸಿದ್ದು ಕ್ವೆರಿ ಲಾಗ್, ಅಂದರೆ ಬಂದ ಪ್ರಶ್ನೆಗಳನ್ನೆಲ್ಲ ಬರೆದಿಡುವ ಫೈಲ್. ತಿಂಗಳುಗಟ್ಟಲೆ ಸಾಲುತ್ತಿದ್ದ ಜಾಗ ಎರಡು ಮೂರು ದಿನದಲ್ಲಿ ಮುಗಿದಿತ್ತು. ಫೈಲ್ ತೆರೆದು ನೋಡಿದರೆ ಪುಟಗಟ್ಟಲೆ ಒಂದೇ ಹೆಸರು. ಕೇಳುತ್ತಿದ್ದವರು ಯಾರು ಅಂತ ನೋಡಿದರೆ ನಮ್ಮವೇ 24 ವೈಫೈ ಆಕ್ಸೆಸ್ ಪಾಯಿಂಟ್‌ಗಳು, ಚಿಕ್ಕದಾಗಿ ಎಪಿಗಳು. ಬಳಕೆದಾರರ ಲ್ಯಾಪ್‌ಟಾಪ್ ಅಲ್ಲ, ಫೋನ್ ಅಲ್ಲ. ಚಾವಣಿಗೆ ಅಂಟಿಕೊಂಡು ಸುಮ್ನೆ ಕೂತಿರುತ್ತವೆ ಅಂತ ನಾವು ಅಂದುಕೊಂಡಿದ್ದ ಪೆಟ್ಟಿಗೆಗಳು.

ಇಂಥದ್ದು ಕಂಡ ತಕ್ಷಣ ಕೈ ಮೊದಲು ಹೋಗುವುದು ಫೈರ್‌ವಾಲ್ ಕಡೆಗೆ. ಆ ಹೆಸರನ್ನು ಬ್ಲಾಕ್ ಮಾಡೋಣ, ಅಥವಾ ಎಪಿಗಳ ಮೇಲೆ ಮಿತಿ ಹಾಕೋಣ ಅಂತ. ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಇವತ್ತು ನಾನು ನಿಂತಿರುವುದು. ಒಂದು ಯಂತ್ರ ಒಂದೇ ಪ್ರಶ್ನೆಯನ್ನು ಪದೇ ಪದೇ ಕೇಳುತ್ತಿದೆ ಅಂದರೆ ಬಹುತೇಕ ಸಲ ಅದಕ್ಕೆ ಬೇಕಾದ ಉತ್ತರ ಸಿಕ್ಕಿಲ್ಲ ಅಂತಲೇ ಅರ್ಥ. ಹಾಗಾಗಿ ಎಷ್ಟು ಪ್ರಶ್ನೆ ಬಂತು ಅಂತ ಎಣಿಸುವ ಮೊದಲು, ಅದಕ್ಕೆ ನಾವು ಏನು ಉತ್ತರ ಕೊಡುತ್ತಿದ್ದೇವೆ ಅಂತ ನೋಡಬೇಕು.

ಎಷ್ಟು ಬಂದರೆ ಜಾಸ್ತಿ? ಇದನ್ನು ಸಭೆಯಲ್ಲಿ ಒಬ್ಬರು ಕೇಳಿದರು. ಎಲ್ಲರಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಆದರೆ ಲೆಕ್ಕ ಹಾಕುವ ದಾರಿ ಇದೆ. ಡಿಎನ್‌ಎಸ್‌ನಲ್ಲಿ ಪ್ರತಿ ಉತ್ತರದ ಜೊತೆ ಒಂದು ಆಯಸ್ಸು ಬರುತ್ತದೆ, ಅದೇ ಟಿಟಿಎಲ್. ಸೆಕೆಂಡುಗಳಲ್ಲಿ ಇರುತ್ತದೆ. ಎಪಿ ತನ್ನ ಕಂಟ್ರೋಲರ್‌ನ, ಅಂದರೆ ಎಲ್ಲ ಎಪಿಗಳನ್ನು ನಡೆಸುವ ಯಂತ್ರದ, ಹೆಸರು ಕೇಳುತ್ತದೆ, ಉತ್ತರದ ಟಿಟಿಎಲ್ 300 ಅಂದುಕೊಳ್ಳಿ. ಎಪಿ ಆ ಉತ್ತರವನ್ನು ನೆನಪಿಟ್ಟುಕೊಂಡರೆ ಮುಂದಿನ 300 ಸೆಕೆಂಡ್ ಮತ್ತೆ ಕೇಳಬೇಕಿಲ್ಲ. ದಿನಕ್ಕೆ 86,400 ಸೆಕೆಂಡ್. ಭಾಗಿಸಿದರೆ 288. ಅಂದರೆ ಒಂದು ಹೆಸರಿಗೆ ದಿನಕ್ಕೆ 288 ಪ್ರಶ್ನೆ ಸಾಕು. ಹಳೆಯ ಬಗೆಯ ಐಪಿವಿ4 ವಿಳಾಸದ ಜೊತೆ ಹೊಸ ಬಗೆಯ ಐಪಿವಿ6 ವಿಳಾಸವನ್ನೂ ಕೇಳಿದರೆ ಅದರ ಎರಡರಷ್ಟು.

ನಮ್ಮಲ್ಲಿ ಒಂದೊಂದು ಎಪಿಯೂ ದಿನಕ್ಕೆ ಸುಮಾರು 3,45,600 ಸಲ ಕೇಳುತ್ತಿತ್ತು. ಈ ಸಂಖ್ಯೆ ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ. ಅದರಲ್ಲೇ ಕಥೆ ಇದೆ.

ಮೊದಲು ಒಂದು ವಿಷಯ ತಿಳಿದಿರಲಿ. ಎಪಿ ಒಳಗೆ ಇರುವುದು ಸಾಮಾನ್ಯವಾಗಿ ಒಂದು ಪುಟ್ಟ ಲಿನಕ್ಸ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹೆಸರುಗಳನ್ನು ನೆನಪಿಡುವ ಒಂದು ಕ್ಯಾಶ್ ಇರುತ್ತದೆ. ಎಪಿಯಲ್ಲಿ ಎಷ್ಟೋ ಸಲ ಇರುವುದಿಲ್ಲ. ಲಿನಕ್ಸ್‌ನಲ್ಲಿ ಹೆಸರು ಹುಡುಕುವ ಕೆಲಸ ಮಾಡುವ ಸಿ ಲೈಬ್ರರಿ ತಾನಾಗಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಪ್ರೋಗ್ರಾಂ ಹತ್ತು ಸಲ ಕೇಳಿದರೆ ಹತ್ತು ಸಲವೂ ಪ್ಯಾಕೆಟ್ ತಂತಿಗೆ ಇಳಿಯುತ್ತದೆ. ನೀವು ಟಿಟಿಎಲ್ ಒಂದು ದಿನ ಇಟ್ಟರೂ ಅಷ್ಟೇ, ನೆನಪಿಡುವವರೇ ಇಲ್ಲದಿದ್ದರೆ ಆಯಸ್ಸಿಗೆ ಅರ್ಥ ಇಲ್ಲ.

ಇನ್ನು ಎಪಿ ಏನೇನು ಕೇಳುತ್ತದೆ? ಕಂಟ್ರೋಲರ್ ಎಲ್ಲಿದೆ ಅಂತ ಕೇಳುತ್ತದೆ. ಸಮಯ ಸರಿ ಮಾಡಿಕೊಳ್ಳಲು ಎನ್‌ಟಿಪಿ ಸರ್ವರ್ ಹೆಸರು ಕೇಳುತ್ತದೆ. ಲಾಗ್ ಕಳಿಸಲು ಸಿಸ್‌ಲಾಗ್ ಸರ್ವರ್. ಪಾಸ್‌ವರ್ಡ್ ಪರೀಕ್ಷೆಗೆ ರೇಡಿಯಸ್ ಸರ್ವರ್, ಅದನ್ನು ಹೆಸರಿನಿಂದ ಕೊಟ್ಟಿದ್ದರೆ. ಹೊಸ ಫರ್ಮ್‌ವೇರ್ (ಎಪಿಯ ಒಳಗಿನ ಸಾಫ್ಟ್‌ವೇರ್) ಇದೆಯಾ ಅಂತ ತಯಾರಕರ ಸರ್ವರ್. ಬಳಕೆಯ ಮಾಹಿತಿ ಕಳಿಸಲು ಇನ್ನೊಂದು. ಇಂಟರ್ನೆಟ್ ಇದೆಯಾ ಅಂತ ಆಗಾಗ ನೋಡಿಕೊಳ್ಳಲು ಮತ್ತೊಂದು. ಪಟ್ಟಿ ಇಷ್ಟೇ. ಇದರಲ್ಲಿ ಯಾವುದಾದರೂ ಒಂದು ಕೆಟ್ಟರೆ ಸಾಕು.

ಈಗ ಹುಡುಕುವ ಕೆಲಸ. ಮೊದಲ ಪ್ರಶ್ನೆ: ಕೇಳುತ್ತಿರುವುದು ನಿಜವಾಗಿ ಎಪಿಯೇ, ಅಥವಾ ಅದರ ಬೆನ್ನ ಹಿಂದೆ ನಿಂತಿರುವ ಫೋನ್‌ಗಳೇ?

ಎಪಿ ಬ್ರಿಡ್ಜ್ ಮೋಡ್‌ನಲ್ಲಿದ್ದರೆ ಗೊಂದಲ ಇಲ್ಲ. ಪ್ರತಿ ಫೋನಿನ ಪ್ರಶ್ನೆ ಅದರದ್ದೇ ಐಪಿ ವಿಳಾಸದಿಂದ ಬರುತ್ತದೆ. ಆದರೆ ಅತಿಥಿ ವೈಫೈಗೆ ಎಷ್ಟೋ ಕಡೆ ಎಪಿಯಲ್ಲೇ ನ್ಯಾಟ್ ಹಾಕಿರುತ್ತಾರೆ. ಆಗ ಐವತ್ತು ಫೋನ್‌ಗಳ ಪ್ರಶ್ನೆಗಳೆಲ್ಲ ಎಪಿಯ ಒಂದೇ ವಿಳಾಸ ಹೊತ್ತು ಬರುತ್ತವೆ. ಸರ್ವರ್ ಕಡೆಯಿಂದ ನೋಡಿದವರಿಗೆ ಎಪಿ ಹುಚ್ಚೆದ್ದು ಕೇಳುತ್ತಿದೆ ಅಂತ ಕಾಣುತ್ತದೆ. ನಿಜಕ್ಕೂ ಅದು ಪೋಸ್ಟ್‌ಮ್ಯಾನ್ ಕೆಲಸ ಮಾಡುತ್ತಿದೆ ಅಷ್ಟೇ.

ಇದನ್ನು ಬೇರ್ಪಡಿಸಲು ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಪ್ಯಾಕೆಟ್ ಕ್ಯಾಪ್ಚರ್‌ನಲ್ಲಿ, ಅಂದರೆ ತಂತಿಯಲ್ಲಿ ಹೋಗುವ ಪ್ಯಾಕೆಟ್‌ಗಳನ್ನು ಹಿಡಿದಿಟ್ಟ ದಾಖಲೆಯಲ್ಲಿ, ಐಪಿ ಹೆಡರ್‌ನ (ಪ್ಯಾಕೆಟ್‌ನ ತಲೆಬರಹದ) ಟಿಟಿಎಲ್ ನೋಡಿ. ಈ ಟಿಟಿಎಲ್ ಬೇರೆ, ಈಗ ಹೇಳಿದ ಡಿಎನ್‌ಎಸ್ ಟಿಟಿಎಲ್ ಬೇರೆ. ಹೆಸರು ಒಂದೇ, ಕೆಲಸ ಬೇರೆ. ಇದು ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗುವ ಸಂಖ್ಯೆ. ಲಿನಕ್ಸ್ ತನ್ನ ಪ್ಯಾಕೆಟ್‌ಗಳನ್ನು 64ರಿಂದ ಶುರು ಮಾಡುತ್ತದೆ. ಹಾಗಾಗಿ ಎಪಿ ತಾನೇ ಕೇಳಿದ್ದು, ಅದೇ ನೆಟ್‌ವರ್ಕ್‌ನಲ್ಲಿ ಹಿಡಿದರೆ, 64 ಅಂತ ಕಾಣುತ್ತದೆ. ಹಿಂದಿನ ಫೋನ್ ಕೇಳಿದ್ದು ಎಪಿಯನ್ನು ದಾಟಿ ಬರುವಾಗ 63 ಆಗಿರುತ್ತದೆ. ವಿಂಡೋಸ್ 128ರಿಂದ ಶುರು ಮಾಡುವುದರಿಂದ ಅದರದ್ದು 127. ಒಂದೇ ಐಪಿ ವಿಳಾಸದಿಂದ 64, 63, 127 ಮೂರೂ ಬರುತ್ತಿದ್ದರೆ ನ್ಯಾಟ್ ಹಿಂದೆ ಜನ ಇದ್ದಾರೆ ಅಂತ ಖಚಿತ. ಒಂದೇ ಎಚ್ಚರ: ಎಪಿ ತಾನೇ ಡಿಎನ್‌ಎಸ್ ಪ್ರಾಕ್ಸಿ ಆಗಿದ್ದರೆ ಫೋನಿನ ಪ್ರಶ್ನೆಯನ್ನು ತೆಗೆದುಕೊಂಡು ಹೊಸದಾಗಿ ತಾನೇ ಕೇಳುತ್ತದೆ. ಆಗ ಎಲ್ಲವೂ 64 ಆಗಿಬಿಡುತ್ತದೆ, ಈ ಉಪಾಯ ನಡೆಯುವುದಿಲ್ಲ.

ಆಗ ಗಡಿಯಾರ ನೋಡಿ. ರಾತ್ರಿ 3 ಗಂಟೆಯ ಲೆಕ್ಕ ತೆಗೆಯಿರಿ. ಕಟ್ಟಡ ಖಾಲಿ, ಒಂದು ಫೋನೂ ಇಲ್ಲ. ಆಗಲೂ ಪ್ರಶ್ನೆಗಳು ಹಗಲಿನಷ್ಟೇ ಬರುತ್ತಿದ್ದರೆ ಕೇಳುತ್ತಿರುವುದು ಎಪಿಯೇ. ಮಧ್ಯಾಹ್ನ ಏರಿ ರಾತ್ರಿ ಇಳಿದರೆ ಜನರ ಕೈಯಲ್ಲಿರುವ ಸಾಧನಗಳು.

ನಮ್ಮ ಲಾಗ್‌ನಲ್ಲಿ ರಾತ್ರಿ 3ಕ್ಕೂ ಮಧ್ಯಾಹ್ನ 3ಕ್ಕೂ ವ್ಯತ್ಯಾಸವೇ ಇರಲಿಲ್ಲ.

ಕ್ಯಾಪ್ಚರ್ ಮಾಡುವ ಬಗ್ಗೆ ಎರಡು ಮಾತು. ಸ್ವಿಚ್‌ನಲ್ಲಿ ಎಪಿ ಸೇರಿರುವ ಪೋರ್ಟನ್ನು ಮಿರರ್ ಮಾಡಿ (ಅದರ ಟ್ರಾಫಿಕ್‌ನ ನಕಲು ಬೇರೆ ಪೋರ್ಟ್‌ಗೆ ಬರುವ ಹಾಗೆ), ಅಲ್ಲಿ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಓಡಿಸಿ, ಡಿಎನ್‌ಎಸ್ ಬಳಸುವ ಪೋರ್ಟ್ 53 ಮಾತ್ರ ಹಿಡಿಯಿರಿ. ಯುಡಿಪಿ, ಟಿಸಿಪಿ ಎರಡನ್ನೂ. ಐದು ನಿಮಿಷ ಸಾಕು. ಟಿಸಿಪಿಡಂಪ್‌ಗೆ ಹೆಸರು ಹುಡುಕಬೇಡ ಅಂತ ಹೇಳುವ ಎನ್ ಆಯ್ಕೆಯನ್ನು ಕೊಡಲು ಮರೆಯಬೇಡಿ. ಕೊಡದಿದ್ದರೆ ಅದು ಕಂಡ ಪ್ರತಿ ಐಪಿ ವಿಳಾಸಕ್ಕೂ ಹೆಸರು ಏನು ಅಂತ ತಾನೇ ಡಿಎನ್‌ಎಸ್‌ಗೆ ಕೇಳುತ್ತದೆ. ರೋಗ ಹುಡುಕಲು ಬಂದವರೇ ರೋಗ ಹೆಚ್ಚಿಸಿದ ಹಾಗೆ ಆಗುತ್ತದೆ. ಡಿಎನ್‌ಎಸ್ ಸರ್ವರ್ ಮೇಲೆಯೇ ಕೂತು ಕ್ಯಾಪ್ಚರ್ ಮಾಡುವಾಗಂತೂ ಇದನ್ನು ಪಾಲಿಸಲೇಬೇಕು.

ಹಿಡಿದದ್ದನ್ನು ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ತೆರೆದು ಮೂರು ವಿಷಯ ನೋಡುತ್ತೇನೆ: ಯಾವ ಹೆಸರು, ಏನು ಉತ್ತರ, ಎರಡು ಪ್ರಶ್ನೆಗಳ ನಡುವೆ ಎಷ್ಟು ಹೊತ್ತು.

ಹೆಸರು ಪ್ರತಿ ಸಲ ಬೇರೆ ಬೇರೆ, ಉದ್ದುದ್ದ, ಅರ್ಥವಿಲ್ಲದ ಅಕ್ಷರಗಳ ರಾಶಿ ಆಗಿದ್ದರೆ ಅದು ಬೇರೆಯೇ ವಿಷಯ. ಯಾರೋ ಡಿಎನ್‌ಎಸ್ ಮೂಲಕ ಮಾಹಿತಿ ಸಾಗಿಸುತ್ತಿರಬಹುದು. ಅದನ್ನು ಸುರಕ್ಷತೆಯ ತಂಡಕ್ಕೆ ಕೂಡಲೇ ತಿಳಿಸಿ. ಆದರೆ ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಗಾಬರಿ ಬೇಡ. ಅದು ಕಳ್ಳನಲ್ಲ, ದಾರಿ ತಪ್ಪಿದವನು.

ಉತ್ತರದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕಂದರೆ ಜನ ಇದನ್ನೇ ನೋಡುವುದಿಲ್ಲ. ಪ್ರಶ್ನೆಗೆ ಸರಿಯಾದ ಉತ್ತರ ಹೋಗುತ್ತಿದೆ, ಆದರೂ ಮತ್ತೆ ಮತ್ತೆ ಕೇಳುತ್ತಿದೆ ಅಂದರೆ ಕ್ಯಾಶ್ ಇಲ್ಲ, ಅಥವಾ ಟಿಟಿಎಲ್ ತೀರಾ ಕಡಿಮೆ. 'ಆ ಹೆಸರೇ ಇಲ್ಲ' ಅನ್ನುವ ಎನ್‌ಎಕ್ಸ್‌ಡೊಮೇನ್ ಹೋಗುತ್ತಿದ್ದರೆ ಹೆಸರು ತಪ್ಪಿದೆ, ಅಥವಾ ಯಾರೋ ಅಳಿಸಿದ್ದಾರೆ. ಇಲ್ಲ ಅನ್ನುವ ಉತ್ತರವನ್ನೂ ಕ್ಯಾಶ್ ಮಾಡಬಹುದು, ಅದರ ನಿಯಮ 1998ರಿಂದಲೇ ಇದೆ. ಎಷ್ಟು ಹೊತ್ತು ಅನ್ನುವುದನ್ನು ಆ ಡೊಮೇನ್‌ನ ಮೂಲ ವಿವರ ಇರುವ ಎಸ್‌ಒಎ ರೆಕಾರ್ಡ್ ಹೇಳುತ್ತದೆ. ಮೂರನೆಯದು ಸರ್ವ್‌ಫೇಲ್, ಅಂದರೆ ಸರ್ವರ್‌ಗೇ ಉತ್ತರ ಹುಡುಕಲು ಆಗಲಿಲ್ಲ. ಇಂಥ ಸೋಲನ್ನೂ ಸರ್ವರ್‌ಗಳು ಸ್ವಲ್ಪ ಹೊತ್ತು ನೆನಪಿಡಲೇಬೇಕು ಅನ್ನುವ ನಿಯಮ ಬಂದದ್ದು 2023ರ ಕೊನೆಯಲ್ಲಿ. ಕನಿಷ್ಠ 1 ಸೆಕೆಂಡ್, ಹೆಚ್ಚೆಂದರೆ 5 ನಿಮಿಷ. ಹಳೆಯ ಸರ್ವರ್ ಆಗಿದ್ದರೆ ಪ್ರತಿ ಸಲವೂ ಹೊಸದಾಗಿ ಹುಡುಕಲು ಹೊರಡಬಹುದು.

ಎಲ್ಲಕ್ಕಿಂತ ಕೆಟ್ಟದ್ದು ನಾಲ್ಕನೆಯದು. ಉತ್ತರವೇ ಇಲ್ಲ. ಮೌನ. ಫೈರ್‌ವಾಲ್ ಪ್ಯಾಕೆಟ್ ನುಂಗಿದಾಗ ಆಗುವುದು ಇದೇ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಸೆಟ್ಟಿಂಗ್ ಪ್ರಕಾರ 5 ಸೆಕೆಂಡ್ ಕಾಯುತ್ತದೆ, ಮುಂದಿನ ಸರ್ವರ್‌ಗೆ ಕೇಳುತ್ತದೆ, ಹೀಗೆ ಎರಡು ಸುತ್ತು. ಎರಡು ಡಿಎನ್‌ಎಸ್ ಸರ್ವರ್ ಕೊಟ್ಟಿದ್ದರೆ ಒಂದು ಪ್ರಶ್ನೆ ನಾಲ್ಕು ಪ್ಯಾಕೆಟ್ ಆಯಿತು. ಐಪಿವಿ4, ಐಪಿವಿ6 ಎರಡೂ ಕೇಳಿದರೆ ಎಂಟು. 'ಇಲ್ಲ' ಅಂತ ಒಂದು ಸಲ ಹೇಳಿದ್ದರೆ ಎರಡರಲ್ಲಿ ಮುಗಿಯುತ್ತಿತ್ತು. ಬ್ಲಾಕ್ ಮಾಡಿದ ಮೇಲೆ ಟ್ರಾಫಿಕ್ ಇನ್ನೂ ಏರಿತು ಅಂತ ಯಾರಾದರೂ ಹೇಳಿದರೆ ಆಶ್ಚರ್ಯ ಪಡಬೇಡಿ.

ಇದಕ್ಕೆ ಎಲ್ಲರೂ ತಿಳಿದಿರಬೇಕಾದ ಒಂದು ಹಳೆಯ ಉದಾಹರಣೆ ಇದೆ. ಡಿಎನ್‌ಎಸ್ ಅಲ್ಲ, ಎನ್‌ಟಿಪಿ. ಆದರೆ ಸ್ವಭಾವ ಒಂದೇ. 2003ರ ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಸಮಯದ ಸರ್ವರ್ ಮೇಲೆ ಪ್ಯಾಕೆಟ್‌ಗಳ ಪ್ರವಾಹ ಬಂತು. ಮೊದಲು ಅದನ್ನು ದಾಳಿ ಅಂದುಕೊಂಡರು, ಗಡಿಯಲ್ಲೇ ತಡೆದರು. ದಾಳಿಯಾಗಿದ್ದರೆ ಇಳಿಯಬೇಕಿತ್ತು. ಇಳಿಯಲಿಲ್ಲ, ಏರಿತು. ಜೂನ್ ಹೊತ್ತಿಗೆ ಸೆಕೆಂಡಿಗೆ 2,50,000 ಪ್ಯಾಕೆಟ್. ಕಾರಣ ಹುಡುಕಿದರೆ ನೆಟ್‌ಗೇರ್ ಕಂಪನಿಯ ಮನೆ ರೂಟರ್‌ಗಳು. ಆ ಸರ್ವರ್‌ನ ಐಪಿ ವಿಳಾಸವನ್ನು ಫರ್ಮ್‌ವೇರ್‌ನಲ್ಲೇ ಬರೆದುಬಿಟ್ಟಿದ್ದರು. ಉತ್ತರ ಸಿಗುವವರೆಗೆ ಸೆಕೆಂಡಿಗೊಮ್ಮೆ ಕೇಳು ಅಂತಲೂ ಬರೆದಿದ್ದರು. ಉತ್ತರ ತಡೆದಾಗ ಆ ರೂಟರ್‌ಗಳು ಅದನ್ನೇ ಮಾಡಿದವು. ಯಾರ ದುರುದ್ದೇಶವೂ ಅಲ್ಲಿ ಇರಲಿಲ್ಲ. 'ಸೋತಾಗ ಎಷ್ಟು ಹೊತ್ತು ಕಾಯಬೇಕು' ಅನ್ನುವುದನ್ನು ಯಾರೋ ಯೋಚಿಸಿರಲಿಲ್ಲ.

ಹಾಗಾಗಿ ಮೂರನೆಯ ವಿಷಯ, ಪ್ರಶ್ನೆಗಳ ನಡುವಿನ ಅಂತರ. ಸರಿಯಾಗಿ ಬರೆದ ಪ್ರೋಗ್ರಾಂ ಸೋತಾಗ 1 ಸೆಕೆಂಡ್ ಕಾಯುತ್ತದೆ, ಆಮೇಲೆ 2, ಆಮೇಲೆ 4, 8, ಹೀಗೆ ಹಿಂದೆ ಸರಿಯುತ್ತಾ ಹೋಗುತ್ತದೆ. ಕ್ಯಾಪ್ಚರ್‌ನಲ್ಲಿ ಈ ಹಿಗ್ಗುವ ಅಂತರ ಕಂಡರೆ ನೆಮ್ಮದಿ. ಗಡಿಯಾರದ ಮುಳ್ಳಿನ ಹಾಗೆ ಪ್ರತಿ ಸೆಕೆಂಡಿಗೂ ಬರುತ್ತಿದ್ದರೆ ಎಲ್ಲೋ ಒಂದು ಲೂಪ್ ತಿರುಗುತ್ತಿದೆ. ಅಂತರವೇ ಇಲ್ಲದೆ, ಒಂದೇ ಪ್ರಶ್ನೆ ಮಿಲಿಸೆಕೆಂಡುಗಳಲ್ಲಿ ನೂರಾರು ಸಲ ಬಂದರೆ, ಅದು ಇನ್ನೊಂದು ಬಗೆಯ ಲೂಪ್. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಈಗ ನಮ್ಮ 24 ಎಪಿಗಳ ಕಥೆಗೆ ಬರೋಣ. 17ನೇ ಎಪಿಯ ಪೋರ್ಟ್ ಮೇಲೆ ಹಿಡಿದದ್ದರಲ್ಲಿ ಒಂದು ಸೆಕೆಂಡಿನ ತುಣುಕು ಹೀಗಿತ್ತು. ಎಪಿ ಕೇಳಿತು: ಲಾಗ್‌ಹೋಸ್ಟ್, ಅದಕ್ಕೆ ನಮ್ಮ ಒಳಗಿನ ಡೊಮೇನ್ ಅಂಟಿಸಿ, ಐಪಿವಿ4 ವಿಳಾಸ ಏನು? ಉತ್ತರ: ಆ ಹೆಸರಿಲ್ಲ. ಅದೇ ಹೆಸರು, ಐಪಿವಿ6 ವಿಳಾಸ ಏನು? ಆ ಹೆಸರಿಲ್ಲ. ಆಮೇಲೆ ಡೊಮೇನ್ ತೆಗೆದು ಬರೀ ಲಾಗ್‌ಹೋಸ್ಟ್, ಐಪಿವಿ4? ಇಲ್ಲ. ಐಪಿವಿ6? ಇಲ್ಲ. ನಾಲ್ಕು ಪ್ರಶ್ನೆ, ನಾಲ್ಕು 'ಇಲ್ಲ'. ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ ನಾಲ್ಕು.

ಈ ನಾಲ್ಕು ಯಾಕೆ? ಹೆಸರಿನಲ್ಲಿ ಒಂದೂ ಚುಕ್ಕೆ ಇಲ್ಲದಿದ್ದರೆ, ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಕೊಟ್ಟ ಡೊಮೇನನ್ನು ಬಾಲಕ್ಕೆ ಅಂಟಿಸಿ ಮೊದಲು ಹುಡುಕುತ್ತದೆ. ಸಿಗದಿದ್ದರೆ ಬರೀ ಹೆಸರನ್ನು ಹುಡುಕುತ್ತದೆ. ಎರಡು ಹೆಸರು, ಎರಡು ಬಗೆಯ ವಿಳಾಸ, ಒಟ್ಟು ನಾಲ್ಕು. ಡಿಎಚ್‌ಸಿಪಿಯಲ್ಲಿ ಮೂರು ಡೊಮೇನ್ ಕೊಟ್ಟಿದ್ದರೆ ಎಂಟು ಆಗುತ್ತಿತ್ತು. ಸೆಕೆಂಡಿಗೆ 4 ಅಂದರೆ ದಿನಕ್ಕೆ 3,45,600. 24 ಎಪಿ ಸೇರಿದರೆ 82,94,400. ಒಂದೊಂದು ಕ್ವೆರಿಗೂ ಬರುವ ಲಾಗ್ ಸಾಲು ಸುಮಾರು ನೂರು ಬೈಟ್ ಅಂದುಕೊಂಡರೂ ದಿನಕ್ಕೆ 800 ಎಂಬಿ ದಾಟುತ್ತದೆ. ನಮ್ಮ ಸರ್ವರ್ ಪ್ರಶ್ನೆಗೊಂದು ಸಾಲು, ಉತ್ತರಕ್ಕೊಂದು ಸಾಲು ಬರೆಯುತ್ತಿತ್ತು. ಡಿಸ್ಕ್ ತುಂಬದೆ ಇನ್ನೇನು ಆಗುತ್ತದೆ ಹೇಳಿ?

ಗಮನಿಸಿ, ಬ್ಯಾಂಡ್‌ವಿಡ್ತ್ ಇಲ್ಲಿ ಸಮಸ್ಯೆಯೇ ಅಲ್ಲ. ಇಂಥ ಒಂದು ಪ್ರಶ್ನೆ ತಂತಿಯ ಮೇಲೆ ನೂರು ಬೈಟೂ ಇರುವುದಿಲ್ಲ. ಸೆಕೆಂಡಿಗೆ 96 ಪ್ರಶ್ನೆ, 96 ಉತ್ತರ ಸೇರಿದರೂ ಒಂದು ವಿಡಿಯೋ ಕರೆಗಿಂತ ಕಡಿಮೆ. ಅದಕ್ಕೇ ಟ್ರಾಫಿಕ್ ಗ್ರಾಫ್ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ. ಪ್ಯಾಕೆಟ್ ಸಂಖ್ಯೆ, ಲಾಗ್ ಗಾತ್ರ, ಸರ್ವರ್‌ನ ಮಿತಿಗಳು, ಇವುಗಳಲ್ಲಿ ಕಾಣುತ್ತದೆ.

ಲಾಗ್‌ಹೋಸ್ಟ್ ಅನ್ನುವುದು ನಮ್ಮ ಹಳೆಯ ಸಿಸ್‌ಲಾಗ್ ಸರ್ವರ್‌ನ ಹೆಸರು. ಅದರ ಹಿಂದಿನ ವಾರದ ಕೊನೆಯಲ್ಲಿ ಹೊಸ ಸರ್ವರ್‌ಗೆ ಬದಲಾಯಿಸಿದ್ದೆವು, ಹೊಸ ಹೆಸರು ಕೊಟ್ಟಿದ್ದೆವು. ಡಿಎನ್‌ಎಸ್‌ನಲ್ಲಿದ್ದ ಹಳೆಯ ಹೆಸರಿನ ರೆಕಾರ್ಡ್ ಬೇಡ ಅಂತ ಅಳಿಸಿದ್ದು ನಾನೇ. ಎಪಿಗಳ ಕಾನ್ಫಿಗ್‌ನಲ್ಲಿ ಹಳೆಯ ಹೆಸರು ಇನ್ನೂ ಕೂತಿತ್ತು.

ಅಷ್ಟಾದರೂ ಸೆಕೆಂಡಿಗೊಮ್ಮೆ ಯಾಕೆ? ರಾತ್ರಿ 3 ಗಂಟೆಗೆ ಖಾಲಿ ಕಟ್ಟಡದಲ್ಲಿ ಎಪಿಗೆ ಕಳಿಸಲು ಅಷ್ಟೊಂದು ಲಾಗ್ ಎಲ್ಲಿಂದ ಬಂತು? ಈ ಪ್ರಶ್ನೆ ನನ್ನನ್ನು ಅರ್ಧ ದಿನ ಕಾಡಿತು. ಕೊನೆಗೆ ಒಂದು ಎಪಿಗೆ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ ಅದರ ಲಾಗನ್ನೇ ನೋಡಿದೆ. ಸಾಲು ಸಾಲಾಗಿ ಒಂದೇ ಮಾತು: ಲಾಗ್ ಸರ್ವರ್‌ನ ಹೆಸರು ಸಿಗುತ್ತಿಲ್ಲ. ಆಗ ಅರ್ಥವಾಯಿತು. ಎಪಿ ಒಂದು ಲಾಗ್ ಕಳಿಸಲು ಹೋಗುತ್ತದೆ. ಹೆಸರು ಸಿಗುವುದಿಲ್ಲ. ಸಿಗಲಿಲ್ಲ ಅಂತ ಒಂದು ಲಾಗ್ ಬರೆಯುತ್ತದೆ. ಆ ಹೊಸ ಲಾಗನ್ನೂ ಸರ್ವರ್‌ಗೆ ಕಳಿಸಬೇಕಲ್ವಾ? ಮತ್ತೆ ಹೆಸರು ಕೇಳುತ್ತದೆ. ಮತ್ತೆ ಸಿಗುವುದಿಲ್ಲ. ಮತ್ತೆ ಒಂದು ಲಾಗ್. ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ತಿರುಗುವ ನಾಯಿಯ ಹಾಗೆ. ಸೆಕೆಂಡಿಗೆ ಒಂದೇ ಸಲ ಅಂತ ಒಳಗೆ ಒಂದು ತಡೆ ಇದ್ದಿದ್ದರಿಂದ ಅಷ್ಟಕ್ಕೇ ನಿಂತಿತ್ತು.

ಬ್ಲಾಕ್ ಮಾಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಅಷ್ಟೇ ಅಲ್ಲ, 24 ಎಪಿಗಳ ಲಾಗ್ ಮೂರು ದಿನದಿಂದ ಎಲ್ಲಿಯೂ ಸೇರುತ್ತಿಲ್ಲ ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ನನಗೆ ಡಿಸ್ಕ್ ತುಂಬಿದ್ದಕ್ಕಿಂತ ಇದೇ ಹೆಚ್ಚು ಕಸಿವಿಸಿ ತಂದಿತು. ಆ ಮೂರು ದಿನದಲ್ಲಿ ಏನಾದರೂ ಆಗಿದ್ದರೆ ತೋರಿಸಲು ನಮ್ಮ ಬಳಿ ಒಂದು ಸಾಲೂ ಇರಲಿಲ್ಲ.

ಎಲ್ಲರ ಸಮಸ್ಯೆಯೂ ಇದೇ ಆಗಿರುವುದಿಲ್ಲ. ಜಾಸ್ತಿ ಸಲ ಎದುರಾಗುವ ಇನ್ನೆರಡು ಇವೆ.

ಒಂದು, ಜಾಹೀರಾತು ತಡೆಯುವ ಡಿಎನ್‌ಎಸ್ ಇಟ್ಟುಕೊಂಡವರದ್ದು. ಅಂಥದ್ದೇ ಒಂದಾದ ಪೈಹೋಲ್ ಇಟ್ಟುಕೊಂಡವರು ಇಲ್ಲಿ ಸಾಕಷ್ಟು ಮಂದಿ ಇದ್ದೀರಿ. ಎಪಿ ಬಳಕೆಯ ಮಾಹಿತಿ ಕಳಿಸುವ ಹೆಸರು ತಡೆಪಟ್ಟಿಯಲ್ಲಿ ಇರುತ್ತದೆ. ಪೈಹೋಲ್ ಸುಳ್ಳು ವಿಳಾಸ ಕೊಡುತ್ತದೆ. ಆ ಉತ್ತರದ ಟಿಟಿಎಲ್, ನೀವು ಬದಲಾಯಿಸದಿದ್ದರೆ, ಬರೀ 2 ಸೆಕೆಂಡ್. ಎಪಿ ಆ ವಿಳಾಸಕ್ಕೆ ಹೋಗಲು ನೋಡುತ್ತದೆ, ಸೋಲುತ್ತದೆ, ಮತ್ತೆ ಕೇಳುತ್ತದೆ. ಮಾಹಿತಿಯನ್ನು ಒಳಗೆ ಕೂಡಿಟ್ಟುಕೊಂಡು ಪದೇ ಪದೇ ಕಳಿಸಲು ಪ್ರಯತ್ನಿಸುತ್ತದೆ. ಪೈಹೋಲ್‌ನ ಪಟ್ಟಿಯಲ್ಲಿ ಎಪಿಗಳೇ ಮೊದಲ ಸ್ಥಾನಕ್ಕೆ ಬರುತ್ತವೆ. ಇಲ್ಲಿ ಇನ್ನೊಂದು ಅಪಾಯ ಇದೆ. ಪೈಹೋಲ್ ಒಂದು ವಿಳಾಸದಿಂದ 60 ಸೆಕೆಂಡಿನಲ್ಲಿ 1000 ಪ್ರಶ್ನೆ ದಾಟಿದರೆ ಆ ವಿಳಾಸಕ್ಕೆ ಉತ್ತರ ಕೊಡುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಆ ವಿಳಾಸ ನ್ಯಾಟ್ ಹಾಕಿದ ಎಪಿಯದ್ದಾಗಿದ್ದರೆ? ಅದರ ಹಿಂದಿರುವ ಎಲ್ಲರಿಗೂ ಇಂಟರ್ನೆಟ್ ನಿಂತುಹೋಗುತ್ತದೆ. ಸಿಗ್ನಲ್ ಪೂರ್ತಿ ಇದೆ, ಪುಟ ತೆರೆಯುತ್ತಿಲ್ಲ ಅಂತ ದೂರು ಬರುತ್ತದೆ. ಜನ ಚಾನೆಲ್ ಬದಲಾಯಿಸುತ್ತಾರೆ, ಪವರ್ ಹೆಚ್ಚಿಸುತ್ತಾರೆ. ಸಮಸ್ಯೆ ರೇಡಿಯೋದಲ್ಲಿ ಇಲ್ಲವೇ ಇಲ್ಲ. ಪರಿಹಾರ ಅಂದರೆ, ಮೊದಲು ಕಂಟ್ರೋಲರ್‌ನ ಸೆಟ್ಟಿಂಗ್‌ನಲ್ಲಿ ಆ ಮಾಹಿತಿ ಕಳಿಸುವುದನ್ನೇ ಆಫ್ ಮಾಡಿ. ಆಫ್ ಮಾಡಲು ದಾರಿ ಕೊಟ್ಟಿಲ್ಲದಿದ್ದರೆ ತಡೆದ ಉತ್ತರದ ಟಿಟಿಎಲ್ ಹೆಚ್ಚಿಸಿ ನೋಡಿ, ಎಪಿಯಲ್ಲಿ ಕ್ಯಾಶ್ ಇದ್ದರೆ ಸಹಾಯ ಆಗುತ್ತದೆ. ಅದೂ ಆಗದಿದ್ದರೆ, ಆ ಒಂದು ಹೆಸರನ್ನು ಬಿಟ್ಟುಕೊಡಬೇಕೋ ಗದ್ದಲವನ್ನು ತಾಳಿಕೊಳ್ಳಬೇಕೋ ಅಂತ ನೀವೇ ತೂಗಿ ನೋಡಬೇಕು.

ಇನ್ನೊಂದು, ಆಗ ಹೇಳಿದ ಮಿಲಿಸೆಕೆಂಡಿನ ಲೂಪ್. ಎಪಿ ತನ್ನ ಪ್ರಶ್ನೆಯನ್ನು ರೂಟರ್‌ಗೆ ಕಳಿಸುತ್ತದೆ. ರೂಟರ್ ಅದನ್ನು ಒಳಗಿನ ಡಿಎನ್‌ಎಸ್‌ಗೆ ಕಳಿಸುತ್ತದೆ. ಒಳಗಿನ ಡಿಎನ್‌ಎಸ್‌ನಲ್ಲಿ, ಮನೆಯೊಳಗಿನ ಹೆಸರುಗಳು ಬಂದರೆ ರೂಟರ್‌ನ್ನೇ ಕೇಳು ಅಂತ ಬರೆದಿರುತ್ತಾರೆ. ರೂಟರ್‌ಗೆ ಗೊತ್ತಿಲ್ಲದ ಹೆಸರಾದರೆ ಅದು ಮತ್ತೆ ಒಳಗಿನ ಡಿಎನ್‌ಎಸ್‌ಗೆ ಕಳಿಸುತ್ತದೆ. ಅವನು ಇವನನ್ನು ಕೇಳು ಅನ್ನುತ್ತಾನೆ, ಇವನು ಅವನನ್ನು ಕೇಳು ಅನ್ನುತ್ತಾನೆ. ಎಪಿ ಕೇಳಿದ್ದು ಒಂದೇ ಪ್ರಶ್ನೆ, ಗದ್ದಲ ಮಾಡಿದ್ದು ಇವರಿಬ್ಬರು. ಡಿಎನ್‌ಎಸ್‌ಮಾಸ್ಕ್ ಅನ್ನುವ ಪುಟ್ಟ ಡಿಎನ್‌ಎಸ್ ಸರ್ವರ್ ಬಳಸುತ್ತಿದ್ದರೆ ಅದರ ಲಾಗ್‌ನಲ್ಲಿ ಒಂದೇ ಹೊತ್ತಿಗೆ ನಡೆಯಬಹುದಾದ 150 ಪ್ರಶ್ನೆಗಳ ಮಿತಿ ಮುಟ್ಟಿತು ಅನ್ನುವ ಎಚ್ಚರಿಕೆ ಕಾಣುತ್ತದೆ. ಅದು ಕಂಡರೆ ಮೊದಲು ಈ ಲೂಪನ್ನೇ ಅನುಮಾನಿಸಿ. ಲೂಪ್ ಪತ್ತೆ ಮಾಡುವ ಆಯ್ಕೆ ಅದರಲ್ಲೇ ಇದೆ. ಆದರೆ ಕಾಗದದ ಮೇಲೆ ಬಾಣಗಳನ್ನು ಬರೆದು, ಯಾರು ಯಾರನ್ನು ಕೇಳುತ್ತಾರೆ ಅಂತ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಬಾಣ ಹೊರಟ ಕಡೆಗೇ ತಿರುಗಿ ಬಂದರೆ ತಪ್ಪು ಅಲ್ಲಿದೆ.

ಐಪಿ ವಿಳಾಸದಿಂದ ಹೆಸರು ಹುಡುಕುವ ಉಲ್ಟಾ ಪ್ರಶ್ನೆಗಳೂ ಬರುತ್ತವೆ, ಕ್ಲೈಂಟ್ ಪಟ್ಟಿಯಲ್ಲಿ ಹೆಸರು ತೋರಿಸಲು ಕೇಳುವಂಥವು. 10 ಮತ್ತು 192.168 ಸಾಲಿನ ಖಾಸಗಿ ವಿಳಾಸಗಳಿಗೆ ನಿಮ್ಮ ಸರ್ವರ್‌ನಲ್ಲೇ ಉತ್ತರ ಸಿಗುವ ಹಾಗೆ ಮಾಡಿ. ಹೊರಗಿನವರಿಗೆ ಅವು ಗೊತ್ತಿರಲು ಸಾಧ್ಯವೇ ಇಲ್ಲ.

ಒಬ್ಬರು ಕೇಳಿದರು: ಎಪಿಗಳಿಗೆ ನಮ್ಮ ಡಿಎನ್‌ಎಸ್ ಬದಲು ಗೂಗಲ್‌ನ 8.8.8.8 ಕೊಟ್ಟುಬಿಟ್ಟರೆ ಆಗಲ್ವಾ? ನಮ್ಮ ಲಾಗ್ ತುಂಬುವುದು ನಿಲ್ಲುತ್ತದೆ, ನಿಜ. ಎಪಿ ಕೇಳುವುದು ನಿಲ್ಲುವುದಿಲ್ಲ. ನಿಮ್ಮ ಒಳಗಿನ ಹೆಸರುಗಳು ಹೊರಗಿನವರಿಗೆ ತಿಳಿಯುತ್ತವೆ, ಕಂಟ್ರೋಲರ್ ಹೆಸರು ಅಲ್ಲಿ ಸಿಗುವುದೂ ಇಲ್ಲ. ನಮ್ಮ ಅಂಗಳದ ಕಸವನ್ನು ಪಕ್ಕದ ಅಂಗಳಕ್ಕೆ ಗುಡಿಸಿದ ಹಾಗೆ. ವಿಸ್ಕಾನ್ಸಿನ್‌ನವರ ಪಾಡು ನೆನಪಿರಲಿ.

ನಾವು ಹೇಗೆ ಸರಿಮಾಡಿದೆವು ಅಂತ ಹೇಳಿ ಮುಗಿಸುತ್ತೇನೆ. ಮೊದಲು ಮಾಡಿದ್ದು, ಅಳಿಸಿದ ಹಳೆಯ ರೆಕಾರ್ಡನ್ನು ಮತ್ತೆ ಹಾಕಿದ್ದು. ಹೊಸ ಸರ್ವರ್‌ನ ವಿಳಾಸಕ್ಕೆ, ಟಿಟಿಎಲ್ 3600 ಇಟ್ಟು. ಹಾಕಿದ ಮೇಲೂ ಪ್ರವಾಹ ನಿಲ್ಲಲಿಲ್ಲ. ಎರಡು ನಿಮಿಷ ಎದೆ ಡವಗುಟ್ಟಿತು. ಆಮೇಲೆ ಹೊಳೆಯಿತು: ಎಪಿಗಳು ಕೇಳುವ ರಿಸಾಲ್ವರ್, ಅಂದರೆ ಅವುಗಳ ಪರವಾಗಿ ಉತ್ತರ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್, 'ಇಲ್ಲ' ಅನ್ನುವ ಉತ್ತರವನ್ನು 15 ನಿಮಿಷ ನೆನಪಿಟ್ಟುಕೊಳ್ಳುತ್ತಿತ್ತು. ಅದರ ಕ್ಯಾಶ್‌ನಿಂದ ಆ ಹೆಸರನ್ನು ತೆಗೆದ ತಕ್ಷಣ ಗ್ರಾಫ್ ನೆಲಕ್ಕೆ ಇಳಿಯಿತು. ಉತ್ತರ ಸಿಕ್ಕಿತು, ಸಿಗಲಿಲ್ಲ ಅನ್ನುವ ಲಾಗ್ ನಿಂತಿತು, ಆ ಲಾಗ್ ಹುಟ್ಟಿಸುತ್ತಿದ್ದ ಪ್ರಶ್ನೆಯೂ ನಿಂತಿತು. ಮೊದಲ ಹೆಸರಿಗೇ ಉತ್ತರ ಸಿಕ್ಕಿದ್ದರಿಂದ ಬರೀ ಲಾಗ್‌ಹೋಸ್ಟ್ ಅಂತ ಕೇಳುವುದೂ ನಿಂತಿತು.

ಆಮೇಲೆ ನಿಧಾನವಾಗಿ ಮೂಲಕ್ಕೆ ಕೈ ಹಾಕಿದೆವು. ಕಂಟ್ರೋಲರ್‌ನಲ್ಲಿ ಸಿಸ್‌ಲಾಗ್ ಸರ್ವರನ್ನು ಹೆಸರಿನ ಬದಲು ಐಪಿ ವಿಳಾಸದಿಂದಲೇ ಕೊಟ್ಟೆವು. ಎಲ್ಲ ಕಡೆ ಇದನ್ನೇ ಮಾಡಿ ಅಂತ ನಾನು ಹೇಳುವುದಿಲ್ಲ. ವಿಳಾಸ ಬದಲಾದ ದಿನ ಮತ್ತೆ ಎಲ್ಲ ಎಪಿಗಳನ್ನು ಮುಟ್ಟಬೇಕಾಗುತ್ತದೆ. ಆದರೆ ಕ್ಯಾಶ್ ಇಲ್ಲದ ಸಾಧನ ಪ್ರತಿ ಲಾಗ್ ಸಾಲಿಗೂ ಹೆಸರು ಕೇಳುತ್ತದೆ ಅಂದಾಗ ಇದೇ ಸರಿ ಅನ್ನಿಸಿತು. ಹೆಸರಿನಿಂದಲೇ ಕೊಡಬೇಕಾದ ಕಡೆ ಪೂರ್ತಿ ಹೆಸರು ಬರೆದು ಕೊನೆಯಲ್ಲೂ ಒಂದು ಚುಕ್ಕೆ ಇಟ್ಟೆವು. ಆ ಚುಕ್ಕೆ ಇದ್ದರೆ ಬಾಲ ಅಂಟಿಸಿ ಹುಡುಕುವುದಿಲ್ಲ. ಎಲ್ಲ ಫರ್ಮ್‌ವೇರ್‌ಗಳೂ ಕೊನೆಯ ಚುಕ್ಕೆಯನ್ನು ಒಪ್ಪುವುದಿಲ್ಲ, ಒಂದು ಎಪಿಯಲ್ಲಿ ಹಾಕಿ ನೋಡಿ ಮುಂದುವರಿಯಿರಿ.

ಹಳೆಯ ರೆಕಾರ್ಡನ್ನು ಈ ಸಲ ಹಾಗೇ ಬಿಟ್ಟೆವು. ಪ್ರತಿ ದಿನ ಬೆಳಗ್ಗೆ, ಲಾಗ್‌ಹೋಸ್ಟ್ ಅಂತ ಇನ್ನೂ ಯಾರು ಕೇಳುತ್ತಿದ್ದಾರೆ ಅಂತ ಲಾಗ್‌ನಲ್ಲಿ ಹುಡುಕುತ್ತಿದ್ದೆ. ಮೊದಲ ದಿನ 24ರಲ್ಲಿ 23 ಎಪಿ ಸುಮ್ಮನಾಗಿದ್ದವು. ಒಂಬತ್ತನೆಯ ಎಪಿ ಮಾತ್ರ ಕೇಳುತ್ತಲೇ ಇತ್ತು. ಕಂಟ್ರೋಲರ್‌ನಲ್ಲಿ ನೋಡಿದರೆ ಅದಕ್ಕೆ ಹೊಸ ಕಾನ್ಫಿಗ್ ತಲುಪಿರಲೇ ಇಲ್ಲ. ಫರ್ಮ್‌ವೇರ್ ಹಳೆಯದು. ಅಪ್‌ಡೇಟ್ ಮಾಡಿದೆವು, ಕಾನ್ಫಿಗ್ ಮತ್ತೆ ಕಳಿಸಿದೆವು. ಜೊತೆಗೆ ನಾವು ಮರೆತೇಬಿಟ್ಟಿದ್ದ ಒಂದು ಹಳೆಯ ಸ್ವಿಚ್ ಕೂಡ ಗಂಟೆಗೊಮ್ಮೆ ಅದೇ ಹೆಸರು ಕೇಳುತ್ತಿದ್ದದ್ದು ಆಗ ಕಣ್ಣಿಗೆ ಬಿತ್ತು. ಅದನ್ನೂ ಸರಿಮಾಡಿದೆವು.

ಎಂಟನೆಯ ದಿನ ಬೆಳಗ್ಗೆ ಆ ಹೆಸರು ಕೇಳುವವರು ಯಾರೂ ಇರಲಿಲ್ಲ. ಆವತ್ತು ರೆಕಾರ್ಡ್ ಅಳಿಸಿದೆ.